ಪೂಜೆಯ ಮಣೆಯಿಂದ ಎಳೆದ ಕಟ್ಟು

ಶಾರದೆಯ ಮುಂದೆ ಪುಸ್ತಕಗಳನ್ನು ಪೂಜೆಗಿಟ್ಟ ಮೇಲೆ ವಿಜಯದಶಮಿಯ ಬೆಳಿಗ್ಗೆಯವರೆಗೆ ಅವನ್ನು ಮುಟ್ಟಬಾರದು ಎಂಬುದನ್ನು ನಾನು ಅಕ್ಷರ ಕಲಿಯುವ ಮೊದಲೇ ಕಲಿತೆ. ಮುಂಬಯಿಯ ಹತ್ತಿರದ ಠಾಣೆ ಊರಿನಲ್ಲಿ ನಾನು ಸಂಸ್ಕೃತ ಕಲಿಸುತ್ತಿದ್ದ ಶಾಲೆಯಲ್ಲಿ ಈ ನಿಯಮಕ್ಕೆ ಇನ್ನೊಂದು ಅಂಗವೂ ಇತ್ತು. ಮಹಾನವಮಿಯ ದಿನ ಅಧ್ಯಾಪಕರ ಕೊಠಡಿಯಲ್ಲಿ ಮಣೆಯಿಟ್ಟು, ಮೇಲೆ ರೇಷ್ಮೆಯ ವಸ್ತ್ರ ಹಾಸಿ ದೇವಿಯ ಪಟವನ್ನು ಕೂರಿಸಿದಾಗ, ಮೊದಲ ಸತ್ರದ ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ ಇನ್ನೂ ತಿದ್ದದೆ ಉಳಿದವನ್ನು ದಾರದಿಂದ ಕಟ್ಟಿ ಪುಸ್ತಕಗಳ ಕೆಳಗೆ ಇಡುತ್ತಿದ್ದೆವು. ಮೇಲೆ ಅವರವರ ಕೆಂಪು ಪೆನ್ನು. ಈ ಪದ್ಧತಿಯನ್ನು ತಂದವರು ಶಾಲೆಯ ಮೊದಲ ಮುಖ್ಯೋಪಾಧ್ಯಾಯರು, ಉಡುಪಿಯ ಕಡೆಯಿಂದ ಬಂದ ಮಿತಭಾಷಿ.

“ವರ್ಷವಿಡೀ ಮಕ್ಕಳಿಗೆ ಅಂಕ ಹಾಕ್ತೇವಲ್ಲ,” ಎಂದು ಅವರು ಹೇಳುತ್ತಿದ್ದರು, “ಒಂದು ದಿನ ಆ ಅಧಿಕಾರವನ್ನು ಅವಳ ಕಾಲಬುಡದಲ್ಲಿ ಇಡುವ. ನಾಳೆ ಪುನಃ ತಕ್ಕೊಳ್ಳುವಾಗ ಕೈ ಸ್ವಲ್ಪ ನಡುಗಬೇಕು. ನಡುಗದಿದ್ದರೆ ಈ ಕೆಲಸ ಬಿಟ್ಟು ಹೋಟೆಲಿನ ಗಲ್ಲೆಯಲ್ಲಿ ಕೂರುವುದು ಒಳ್ಳೆಯದು.”

ಗಲ್ಲೆಯಲ್ಲಿ ಕೂರುವವರೇ ಆ ಶಾಲೆಯನ್ನು ಕಟ್ಟಿದವರಾದ್ದರಿಂದ ಈ ಮಾತಿಗೆ ಎಲ್ಲರೂ ನಗುತ್ತಿದ್ದರು. ವರ್ತಕ ನಗರದ ಒಳರಸ್ತೆಯಲ್ಲಿ, ಹೋಟೆಲಿನವರೂ ಕಚೇರಿಯ ನೌಕರರೂ ಕೂಡಿ ಕನ್ನಡ ಮಕ್ಕಳಿಗೆಂದು ಎಬ್ಬಿಸಿದ ಕಟ್ಟಡ ಅದು. ಈಗ ಅಲ್ಲಿ ಇಂಗ್ಲಿಷ್ ಮಾಧ್ಯಮ. ಕನ್ನಡ ಒಂದು ವಿಷಯವಾಗಿ ಉಳಿದುಕೊಂಡಿದೆ. ನಾನು ನಿವೃತ್ತನಾದ ಮೇಲೂ ಸಂಸ್ಕೃತಕ್ಕೆ ಬೇರೊಬ್ಬರು ಸಿಗದ ಕಾರಣ ವಾರಕ್ಕೆ ಕೆಲವು ದಿನ ಡೊಂಬಿವಲಿಯಿಂದ ಹೋಗಿ ಬರುತ್ತಿದ್ದೇನೆ. ಆದ್ದರಿಂದಲೇ ಇದನ್ನೆಲ್ಲ ನೋಡುವುದು ನನ್ನ ಪಾಲಿಗೆ ಬಂತು.

ಅಲ್ಲಿ ಗಣಿತ ಕಲಿಸುವ ಅಧ್ಯಾಪಕಿಯೊಬ್ಬಳಿದ್ದಾಳೆ. ಆಕೆ ಒಂದು ಕಾಲಕ್ಕೆ ನನ್ನ ವಿದ್ಯಾರ್ಥಿನಿ. ತಂದೆ ಕಲಬುರಗಿಯ ಕಡೆಯಿಂದ ಬಂದ ಗೌಂಡಿ. ಘೋಡಬಂದರ್ ರಸ್ತೆಯ ಎಷ್ಟೋ ಬಹುಮಹಡಿ ಕಟ್ಟಡಗಳ ಗೋಡೆಗಳಲ್ಲಿ ಅವರ ಕೈಕೆಲಸವಿದೆ. ಮಗಳು ಓದಿ, ಓದಿದ ಶಾಲೆಗೇ ಅಧ್ಯಾಪಕಿಯಾಗಿ ಬಂದಾಗ ಆತ ಗೇಟಿನ ಹೊರಗೆ ನಿಂತು ಕಟ್ಟಡಕ್ಕೆ ಕೈಮುಗಿದದ್ದನ್ನು ನಾನು ಕಂಡಿದ್ದೇನೆ. ಆಕೆಯನ್ನು ಖಾಯಂ ಮಾಡಿರಲಿಲ್ಲ. ಪ್ರತಿ ಜೂನ್‌ನಲ್ಲಿ ಹೊಸದಾಗಿ ನೇಮಕವಾಗಬೇಕಿತ್ತು. ಅದರ ಬಗ್ಗೆ ಆಕೆ ಹೆಚ್ಚು ಮಾತನಾಡುತ್ತಿರಲಿಲ್ಲ. ಮಾತೆಲ್ಲ ಸಂಜೆಯ ಮಕ್ಕಳದೇ.

ಸಂಜೆಯ ಮಕ್ಕಳೆಂದರೆ ಗಂಟೆ ಹೊಡೆದ ಮೇಲೆ ಉಳಿಯುವವರು. ಪಕ್ಕದ ಕಳ್ವಾ ಊರಿನ ಚಾಳುಗಳಿಂದ ಬರುವ, ಮನೆಯಲ್ಲಿ ಕೇಳಲು ಯಾರೂ ಇಲ್ಲದ, ಟ್ಯೂಷನ್ನಿಗೆ ಹೋಗಲಾರದ ಹತ್ತನೆಯ ತರಗತಿಯ ಕೆಲವರು. ಆಕೆ ಅವರೊಂದಿಗೆ ನೆಲದ ಮೇಲೆ ಕುಳಿತು ಲೆಕ್ಕ ಬಿಡಿಸುತ್ತಿದ್ದಳು. ಯಾರೂ ಹೇಳಿರಲಿಲ್ಲ, ಅದಕ್ಕೆ ಯಾರೂ ಹಣ ಕೊಡುತ್ತಿರಲಿಲ್ಲ. ಆಕೆಯ ತಿದ್ದುವಿಕೆಯೂ ಬೇರೆಯವರಂತೆ ಅಲ್ಲ. ಉತ್ತರ ತಪ್ಪಿದ್ದಲ್ಲಿ ಅಡ್ಡಗೆರೆ ಎಳೆದು ಮುಂದೆ ಹೋಗುವುದು ಆಕೆಗೆ ಗೊತ್ತಿರಲಿಲ್ಲ. ಮಗು ಯಾವ ಸಾಲಿನವರೆಗೆ ಸರಿಯಾಗಿ ನಡೆದು ಬಂತು, ಯಾವ ತಿರುವಿನಲ್ಲಿ ದಾರಿ ತಪ್ಪಿತು ಎಂಬುದನ್ನು ಹುಡುಕಿ ಅಲ್ಲಿ ಒಂದು ಸಾಲು ಬರೆಯುತ್ತಿದ್ದಳು. ಆದ್ದರಿಂದ ಎಲ್ಲರ ಪತ್ರಿಕೆಗಳು ಮುಗಿದ ಮೇಲೂ ಆಕೆಯವು ಉಳಿದಿರುತ್ತಿದ್ದವು.

ಖಾರಘರದ ದೊಡ್ಡ ಶಾಲೆಯೊಂದರಿಂದ ಹೊಸ ಪ್ರಾಂಶುಪಾಲರಾಗಿ ಮೇಡಂ ಒಬ್ಬರು ಬಂದ ಮೇಲೆ ನಮ್ಮಲ್ಲಿ ಗಾಳಿ ಬದಲಾಯಿತು. ಅವರು ಬೆಂಗಳೂರಿನವರು, ಚುರುಕು, ದಕ್ಷ ಎಂದು ಆಡಳಿತ ಮಂಡಳಿ ಹೊಗಳಿತು. ಮೊದಲು ತರಗತಿಗಳಿಂದ ಅಧ್ಯಾಪಕರ ಕುರ್ಚಿಗಳು ಹೋದವು, ಕುಳಿತವರು ಕಲಿಸುವುದಿಲ್ಲವಂತೆ. ಬಳಿಕ ಪ್ರತಿ ಕೊಠಡಿಯಲ್ಲೂ ಮೈದಾನದಲ್ಲೂ ಕ್ಯಾಮೆರಾ ಬಂತು. ಮಕ್ಕಳ ಸುರಕ್ಷತೆಗೆ ಎಂದಾಗ ನಾವೆಲ್ಲ ಒಪ್ಪಿದೆವು. ಆದರೆ ಅದರ ನಿಜವಾದ ಉಪಯೋಗ ಅಧ್ಯಾಪಕರ ವಾಟ್ಸಪ್ ಗುಂಪಿನಲ್ಲಿ ತಿಳಿಯಿತು. ಪ್ರತಿ ಮಧ್ಯಾಹ್ನ ಪ್ರಾಂಶುಪಾಲರು ಆ ದೃಶ್ಯಗಳಿಂದ ಒಂದು ಚಿತ್ರ ಆರಿಸಿ, ಅದರಲ್ಲಿರುವ ಅಧ್ಯಾಪಕರ ಸುತ್ತ ಕೆಂಪು ವೃತ್ತ ಎಳೆದು, “ಇಂದಿನ ಗಮನಕ್ಕೆ” ಎಂದು ಹಾಕುತ್ತಿದ್ದರು. ಮೇಜಿಗೆ ಒರಗಿದವರು, ಕಿಟಕಿಯ ಕಡೆ ನೋಡಿದವರು, ನೀರು ಕುಡಿಯುತ್ತಿದ್ದವರು, ಎಲ್ಲರೂ ಒಂದೊಂದು ದಿನ ಆ ವೃತ್ತದೊಳಗೆ ಬಂದರು.

ನನ್ನ ಬಳಿ ಇರುವುದು ಹಳೆಯ ಮೊಬೈಲು. ಅದರಲ್ಲಿ ಈ ಸೌಕರ್ಯವಿಲ್ಲ. ಕುಂದಾಪುರದ ಕಡೆಯ ನಮ್ಮ ದೈಹಿಕ ಶಿಕ್ಷಕರು ತಮ್ಮ ಫೋನನ್ನು ನನ್ನ ಮುಂದೆ ಹಿಡಿಯುತ್ತಿದ್ದರು.

“ಕಾಣಿ ಸರ್, ಇವತ್ತು ನನ್ನ ಪಾಳಿ. ಮೈದಾನದಲ್ಲಿ ನೆರಳಿಗೆ ನಿಂತದ್ದಂತೆ. ಪಿ.ಟಿ. ಮಾಷ್ಟ್ರು ಬಿಸಿಲಲ್ಲೇ ಬೇಯಬೇಕಂತೆ ಮಾರಾಯ್ರೆ.”

“ಉತ್ತರ ಕೊಡಬಾರದೇ?” ಎಂದೆ.

“ಉತ್ತರವಾ! ಕೆಳಗೆ ನೋಡಿ, ಎಷ್ಟು ಜನ ಹೆಬ್ಬೆರಳು ಎತ್ತಿದ್ದಾರೆ. ಸರಿ ಹೇಳಿದ್ರಿ ಮೇಡಂ ಅಂತ ಅರ್ಥ. ನಿನ್ನೆ ಹಿಂದಿ ಟೀಚರ್ರಿಗೆ ನಾನೂ ಎತ್ತಿದ್ದೆ. ಎತ್ತದಿದ್ದವರ ಮೇಲೆ ಮರುದಿನ ಕಣ್ಣು.”

ನಕ್ಕರು. ಆ ನಗೆಯಲ್ಲಿ ಸುಖವಿರಲಿಲ್ಲ. ಮೊದಲು ಅಧ್ಯಾಪಕರ ಕೊಠಡಿಯಲ್ಲಿ ಒಬ್ಬರ ಡಬ್ಬಿಯ ಬಸಳೆ ಸಾರು ಇನ್ನೊಬ್ಬರ ಜೋಳದ ರೊಟ್ಟಿಗೆ ಸಲ್ಲುತ್ತಿತ್ತು. ಒಬ್ಬರಿಗೆ ತರಗತಿ ಹಿಡಿತಕ್ಕೆ ಬಾರದಿದ್ದರೆ ಅದನ್ನು ಹೇಳಿಕೊಂಡು, ಬೈದುಕೊಂಡು, ನಕ್ಕು ಹಗುರಾಗುತ್ತಿದ್ದರು. ಈಗ ಒಬ್ಬರು ಒಳಗೆ ಬಂದರೆ ಇನ್ನೊಬ್ಬರು ಮಾತು ನಿಲ್ಲಿಸುತ್ತಿದ್ದರು. ತನ್ನ ತರಗತಿಯ ಕಷ್ಟವನ್ನು ಹೇಳಿಕೊಳ್ಳುವುದೆಂದರೆ ಮರುದಿನದ ಚಿತ್ರಕ್ಕೆ ತಾನೇ ಸಾಮಗ್ರಿ ಒದಗಿಸಿದಂತೆ. ಮುಖ್ಯೋಪಾಧ್ಯಾಯರು ಹೇಳುತ್ತಿದ್ದ ಕೈ ನಡುಗುವ ಭಯವನ್ನು ನಾನು ಬಲ್ಲೆ; ಅದು ಮಗುವಿನ ಎದುರು ಹುಟ್ಟುವಂಥದು. ಇದು ಮಗುವನ್ನೇ ಮರೆಸುವ ಭಯ. ಕಲಿಸುತ್ತಿರುವಾಗಲೂ ಅಧ್ಯಾಪಕರ ಕಣ್ಣು ಆಗಾಗ ಮೇಲಿನ ಮೂಲೆಗೆ ಹೋಗುತ್ತಿತ್ತು.

ಗಣಿತದ ಅಧ್ಯಾಪಕಿಯೂ ವೃತ್ತಕ್ಕೆ ಬಂದಳು, ನೆಲದ ಮೇಲೆ ಕುಳಿತದ್ದಕ್ಕೆ. “ಶಾಲೆಯ ಘನತೆಗೆ ತಕ್ಕುದಲ್ಲ” ಎಂದು ಕೆಳಗೆ ಬರೆದಿತ್ತಂತೆ. ಆಕೆ ನಕ್ಕಳು. “ಕುರ್ಚಿ ಅವರೇ ಒಯ್ದಾರ್ರಿ ಸರ್. ನೆಲಾನೂ ಒಯ್ದ್ರ ನಿಂತು ಹೇಳ್ಕೊಡ್ತೀನಿ,” ಎಂದಳು. ಮರುದಿನದಿಂದ ಸಂಜೆಯ ಮಕ್ಕಳೊಂದಿಗೆ ನಿಂತೇ ಲೆಕ್ಕ ಮಾಡಿದಳು. ಆಗಿನ್ನೂ ಆಕೆಯಲ್ಲಿ ಏನೂ ಕುಂದಿರಲಿಲ್ಲ.

ಆ ವರ್ಷ ಪರೀಕ್ಷೆ ಮುಗಿದ ಬೆನ್ನಿಗೇ ನವರಾತ್ರಿ ಬಂತು. ಅಂಕಗಳನ್ನೆಲ್ಲ ಮಹಾನವಮಿಯ ಸಂಜೆಯೊಳಗೆ ಶಾಲೆಯ ಆ್ಯಪಿಗೆ ತುಂಬಬೇಕೆಂದು ಪ್ರಾಂಶುಪಾಲರ ಆಜ್ಞೆಯಾಯಿತು. ಉಳಿದ ಅಧ್ಯಾಪಕರು ಹೇಗೋ ಮುಗಿಸಿದರು. ಹೇಗೆಂದು ನಾನು ಕೇಳಲಿಲ್ಲ. ಕೇಳಿದ್ದರೆ ಅವರಿಗೂ ಕಷ್ಟ, ನನಗೂ ಕಷ್ಟ. ಪೂಜೆಗೆ ಅವರು ತಂದಿಟ್ಟ ಕಟ್ಟುಗಳು ತಿದ್ದಿ ಮುಗಿಸಿದವು, ಶೋಭೆಗೆ ಮಾತ್ರ. ಗಣಿತದ ಅಧ್ಯಾಪಕಿಯ ಕಟ್ಟಿನಲ್ಲಿ ಅರ್ಧ ಉಳಿದಿತ್ತು. ಆಕೆ ಹಳೆಯ ಪದ್ಧತಿಯಂತೆ ಅದಕ್ಕೆ ದಾರ ಸುತ್ತಿ, ಅರಿಶಿನ ಕುಂಕುಮ ಹಚ್ಚಿ, ಪುಸ್ತಕಗಳ ಅಡಿಯಲ್ಲಿಟ್ಟು, ಕೆಂಪು ಪೆನ್ನನ್ನು ಮೇಲಿರಿಸಿ ನಮಸ್ಕರಿಸಿದಳು. ಆಕೆಯ ಮನೆಯಲ್ಲೂ ಅಂದು ತಂದೆಯ ಕರಣಿ, ತೂಗುಗುಂಡುಗಳು ಪೂಜೆಗೆ ಕುಳಿತಿರುತ್ತವೆ. ಬನ್ನಿ ಕೊಡುವವರೆಗೆ ಆತ ಅವನ್ನು ಮುಟ್ಟುವುದಿಲ್ಲ, ಯಾವ ಕಂತ್ರಾಟದಾರ ಬಂದು ಕೂಗಿದರೂ. ಪೂಜೆಯೆಂದರೆ ಪೂಜೆಯೇ ಎಂದು ಆಕೆ ನಂಬಿದ್ದಳು. ಆಕೆಯ ತಪ್ಪು ಅಷ್ಟೇ.

ಆಡಳಿತ ಮಂಡಳಿಯ ಅಧ್ಯಕ್ಷರು ಬಂದರು. ಸ್ಥಾಪಕರೊಬ್ಬರ ಮಗ, ಅವರೂ ನನ್ನ ವಿದ್ಯಾರ್ಥಿ. ರೇಷ್ಮೆಯ ಶಲ್ಯ ಹೊದ್ದು ಆರತಿ ಎತ್ತಿದರು. ಫೋಟೋದವನು ಇನ್ನೊಮ್ಮೆ ಎತ್ತಲು ಹೇಳಿದಾಗ ಇನ್ನೊಮ್ಮೆ ಎತ್ತಿದರು. ನಾನು ಬಲ್ಲ ಸ್ತುತಿಯನ್ನು ಹೇಳಿದೆ. ಪಂಚಕಜ್ಜಾಯ ಹಂಚಿ ಎಲ್ಲರೂ ಹೊರಟರು. ಆಕೆಯೂ ಲೋಕಲ್ ಹಿಡಿದು ಕಲ್ಯಾಣಕ್ಕೆ, ಮನೆಯ ಹಬ್ಬಕ್ಕೆಂದು ಹೊರಟಳು. ದೀಪಕ್ಕೆ ಎಣ್ಣೆ ಹಾಕಲೆಂದು ನಾನು ಉಳಿದಿದ್ದೆ.

ಆಗ ಪ್ರಾಂಶುಪಾಲರು ಶಿಪಾಯಿಯೊಡನೆ ಒಳಗೆ ಬಂದರು.

“ಆ ಕೆಳಗಿನ ಬಂಡಲ್ ತೆಗೀರಿ. ಮ್ಯಾಥ್ಸ್.”

ಶಿಪಾಯಿ, ಸಾತಾರಾದ ಕಡೆಯ ಹಿರಿಯ, ನನ್ನ ಮುಖ ನೋಡಿದ.

“ಅಮ್ಮಾ, ನಾಳೆ ಬೆಳಿಗ್ಗೆಯವರೆಗೆ ಅದನ್ನು ಕದಲಿಸುವ ಹಾಗಿಲ್ಲ,” ಎಂದೆ. “ಪುಸ್ತಕ ಇಟ್ಟಾಗಿದೆ, ದೀಪ ಉರಿಯುತ್ತಿದೆ.”

“ಸರ್, ನಿಮ್ಮ ಬಗ್ಗೆ ನನಗೆ ತುಂಬಾ ಗೌರವ ಇದೆ. ಆದ್ರೆ ನೋಡಿ, ಭಕ್ತಿ ಬೇರೆ, ಡೆಡ್‌ಲೈನ್ ಬೇರೆ. ಎಲ್ಲರದ್ದೂ ಮಾರ್ಕ್ಸ್ ಬಂದಿದೆ. ಇವರದ್ದು ಮಾತ್ರ ದೇವ್ರ ಕೆಳಗಿದೆ. ಕೆಲಸ ತಪ್ಪಿಸ್ಕೊಳ್ಳೋಕೆ ಇದಕ್ಕಿಂತ ಒಳ್ಳೆ ಜಾಗ ಸಿಗುತ್ತಾ, ನೀವೇ ಹೇಳಿ?”

“ಆಕೆ ಕೆಲಸ ತಪ್ಪಿಸುವವಳಲ್ಲ. ಒಂದು ರಾತ್ರಿ ಕಾದರೆ ಏನು ನಷ್ಟ?”

“ಒಬ್ಬರಿಗೆ ಕಾದ್ರೆ ನಾಳೆ ಎಲ್ಲರಿಗೂ ಕಾಯ್ಬೇಕು ಸರ್. ಡಿಸಿಪ್ಲಿನ್ ಅಂದ್ರೆ ಅದೇ ತಾನೆ? ನೀವು ಸಂಸ್ಕೃತದವರು, ನಿಮಗೆ ನಾನು ಹೇಳ್ಬೇಕಾ?”

ಮೊದಲು ಫೋನಿನಲ್ಲಿ ಪೀಠದ ಚಿತ್ರ ತೆಗೆದರು. ನಂತರ ಶಿಪಾಯಿಗೆ ಸನ್ನೆ ಮಾಡಿದರು. ಆತ ಚಪ್ಪಲಿ ಬಿಟ್ಟು, ಮೊಣಕಾಲೂರಿ, “ಮಾಫ್ ಕರ್ ಆಯಿ” ಎಂದು ದೇವಿಗೆ ಕೈಮುಗಿದು ಕಟ್ಟನ್ನು ಎಳೆದ. ಮೇಲಿದ್ದ ಪುಸ್ತಕಗಳು ಜಾರಿ ಬಿದ್ದವು. ನಾನು ಅವನ್ನು ಎತ್ತಿ ಮತ್ತೆ ಜೋಡಿಸಿದೆ. ದಾರ ಅಲ್ಲೇ ತುಂಡಾಗಿ ಬಿದ್ದಿತ್ತು.

ಉಳಿದ ಪತ್ರಿಕೆಗಳನ್ನು ಕಂಪ್ಯೂಟರ್ ಕಲಿಸುವವನಿಗೆ ಕೊಟ್ಟರು. ಆತ ಗಣಿತದವನಲ್ಲ. ಕೊನೆಯ ಉತ್ತರವನ್ನು ಮಾತ್ರ ತಾಳೆ ನೋಡಿ, ಸರಿಯಿದ್ದರೆ ಪೂರ್ಣ, ತಪ್ಪಿದ್ದರೆ ಸೊನ್ನೆ ಹಾಕಿ ಕತ್ತಲಾಗುವ ಮೊದಲೇ ಮುಗಿಸಿದ. ಎಲ್ಲ ಹೆಜ್ಜೆಗಳನ್ನು ಸರಿಯಾಗಿಟ್ಟು ಕೊನೆಯಲ್ಲಿ ಎಡವಿದ ಮಕ್ಕಳಿಗೂ ಸೊನ್ನೆಯೇ. ಸಂಜೆಯ ಮಕ್ಕಳು ಬಹುತೇಕ ಅಂಥವರೇ.

ಆ ಸಂಜೆ ಡೊಂಬಿವಲಿಗೆ ಬಂದು ಸೇರುವಷ್ಟರಲ್ಲಿ ದೈಹಿಕ ಶಿಕ್ಷಕರ ಫೋನು ಬಂತು.

“ಸರ್, ಗ್ರೂಪಿನಲ್ಲಿ ಪೀಠದ ಫೋಟೋ ಹಾಕಿದ್ದಾರೆ. ಕಟ್ಟಿಗೆ ವೃತ್ತ ಎಳೆಯಲು ಹೋಗಿ ದೇವರ ಪಟಕ್ಕೂ ಸೇರಿ ಬಿದ್ದಿದೆ. ‘ಭಕ್ತಿಯ ಮರೆಯಲ್ಲಿ ಸೋಮಾರಿತನ’ ಅಂತ ಬರೆದಿದ್ದಾರೆ.”

“ಯಾರಾದರೂ ಏನಾದರೂ ಹೇಳಿದರೇ?”

“ಹೆಬ್ಬೆರಳೇ ಸರ್. ನಮ್ಮ ಹಿಂದಿ ಟೀಚರ್ದೂ ಉಂಟು. ಅವರೂ ಗಣಿತದ ಟೀಚರೂ ಒಂದೇ ಡಬ್ಬಿಯಲ್ಲಿ ಉಣ್ಣುವವರು ಹೌದಲ್ಲ.” ತಾವು ಎತ್ತಿದರೇ ಇಲ್ಲವೇ ಎಂದು ಅವರು ಹೇಳಲಿಲ್ಲ.

ವಿಜಯದಶಮಿಯ ಬೆಳಿಗ್ಗೆ ನಾನು ಶಾಲೆಗೆ ಹೋದಾಗ ಆಕೆ ಆಗಲೇ ಪೀಠದ ಮುಂದೆ ನಿಂತಿದ್ದಳು. ಗುಂಪಿನ ಚಿತ್ರವನ್ನೂ ಆ್ಯಪಿನ ಅಂಕಗಳನ್ನೂ ಫೋನಿನಲ್ಲಿ ಕಂಡೂ ಬಂದಿದ್ದಳು. ಕೈಯಲ್ಲಿ ಬನ್ನಿಯ ಎಲೆಗಳಿದ್ದವು, ಅಧ್ಯಾಪಕರಿಗೆಲ್ಲ ಕೊಡಲೆಂದು ತಂದವು. ನನಗೊಂದು ಕೊಟ್ಟು ಕಾಲಿಗೆರಗಿದಳು. ಬಂಗಾರದ ಹಾಗೆ ಇರೋಣ ಎಂಬ ವಾಡಿಕೆಯ ಮಾತನ್ನು ನಾನೇ ಹೇಳಬೇಕಾಯಿತು.

“ಮ್ಯಾಡಮ್ ಬೈದದ್ದಕ್ಕ ನಂಗೇನೂ ಆಗಿಲ್ರಿ ಸರ್,” ಎಂದಳು ಕೊನೆಗೆ. “ಅವರ ಕೆಲಸ ಅವರು ಮಾಡ್ಯಾರ. ಆದ್ರ ಪೋರಿಗೋಳು ಅಷ್ಟು ದೂರ ಸರಿ ನಡ್ಕೋತ ಬಂದಿದ್ವು. ಅದನ್ನ ಯಾರೂ ನೋಡ್ಲೇ ಇಲ್ಲಲ್ರಿ. ಮತ್ತ ನಮ್ಮವರು… ಎಲ್ಲಾರೂ ಬೆರಳು ಎತ್ತ್ಯಾರ.”

ಉಳಿದ ಎಲೆಗಳನ್ನು ಚೀಲಕ್ಕೆ ಹಾಕಿಕೊಂಡಳು. ಅಂದು ಬೇರೆ ಅಧ್ಯಾಪಕರು ಬಂದರಾದರೂ ಯಾರಿಗೂ ಕೊಡಲಿಲ್ಲ.

ನಾನು ಅಧ್ಯಕ್ಷರನ್ನು ಅವರ ಕಚೇರಿಯಲ್ಲಿ ಕಂಡೆ. ಎದ್ದು ಬಂದು ಪಾದ ಮುಟ್ಟಿದರು, ಎಳನೀರು ತರಿಸಿದರು. ನಾನು ಮೂರು ವಿಷಯ ಕೇಳಿದೆ: ಆ ಪತ್ರಿಕೆಗಳನ್ನು ಆಕೆಯೇ ಮತ್ತೆ ತಿದ್ದಲಿ, ಗುಂಪಿನಲ್ಲಿ ಹಾಕಿದ್ದನ್ನು ತೆಗೆಸಿ, ಇಂಥದನ್ನು ನಿಲ್ಲಿಸಿ.

“ಸರ್, ನೀವು ನನಗೆ ಅಕ್ಷರ ಕಲಿಸಿದವರು, ನಿಮ್ಮ ಮಾತು ತೆಗೆದುಹಾಕ್ಲಿಕ್ಕೆ ಆಗ್ತದಾ?” ಎಂದರು. “ಆದ್ರೆ ಮಾರ್ಕ್ಸ್ ಲಾಕ್ ಆಗಿದೆ, ಪೇರೆಂಟ್ಸಿಗೂ ಹೋಯ್ತು. ಮತ್ತೆ ಮೇಡಮ್ ಬಂದ ಮೇಲೆ ಅಡ್ಮಿಶನ್ ನೋಡಿ, ಏಕ್‌ದಮ್ ಫುಲ್. ಅವ್ರ ಕೈ ಕಟ್ಟಿದ್ರೆ ಹೋಗ್ತಾರೆ. ನೀವು ಟೆನ್ಶನ್ ತಕೊಳ್ಬೇಡಿ ಸರ್. ಆ ಟೀಚರಿಗೆ ಜೂನ್‌ನಲ್ಲಿ ಪರ್ಮನೆಂಟ್ ಮಾಡಿ ಬಿಡುವ. ಖುಷಿ ಆಗ್ತಾಳೆ, ಬಸ್.”

ಮಾತು ಕೊಟ್ಟಂತೆ ನಡೆದುಕೊಂಡರು. ಆದರೆ ಜೂನ್ ಬರುವ ಮೊದಲೇ ನಡೆಯಬೇಕಾದದ್ದು ನಡೆದುಹೋಗಿತ್ತು.

ದೀಪಾವಳಿಯ ರಜೆ ಮುಗಿದು ಶಾಲೆ ತೆರೆದ ದಿನ ಗಂಟೆ ಹೊಡೆಯುತ್ತಲೇ ಆಕೆ ಚೀಲ ಹೆಗಲಿಗೇರಿಸಿ ಹೊರಟಳು. ಸಂಜೆಯ ಮಕ್ಕಳು ಕೊಠಡಿಯ ಬಾಗಿಲಲ್ಲಿ ನಿಂತಿದ್ದರು. “ಇವತ್ತಿಲ್ರಿ,” ಎಂದಳು. ಮರುದಿನವೂ ಅದನ್ನೇ ಹೇಳಿದಳು. ಆಮೇಲೆ ಅದನ್ನೂ ಹೇಳಲಿಲ್ಲ. ಕೆಲವು ದಿನ ಬಾಗಿಲಲ್ಲಿ ಕಾದ ಮಕ್ಕಳು ಬಳಿಕ ಮೆಟ್ಟಿಲ ಹತ್ತಿರ ಕಾದರು, ಆಮೇಲೆ ಕಾಯುವುದನ್ನು ಬಿಟ್ಟರು. ತರಗತಿಯಲ್ಲಿ ಆಕೆ ನೆಟ್ಟಗೆ ನಿಂತು, ಪುಸ್ತಕದಲ್ಲಿರುವ ಉದಾಹರಣೆಯನ್ನು ಹಲಗೆಗೆ ಇಳಿಸಿ, ತಿರುಗಿ, ಮುಂದಿನದನ್ನು ಇಳಿಸುತ್ತಿದ್ದಳು. ಅರ್ಥವಾಯಿತೇ ಎಂದು ಕೇಳುತ್ತಿರಲಿಲ್ಲ. ಕೇಳಿದರೆ ಇಲ್ಲವೆನ್ನುವವರಿಗೆ ಉತ್ತರ ಕೊಡಬೇಕಾಗುತ್ತದೆ. ಆಗ ಪಾಠ ಹಿಂದೆ ಬೀಳುತ್ತದೆ. ಆಕೆಯ ಪಾಠ ಎಂದೂ ಹಿಂದೆ ಬೀಳಲಿಲ್ಲ. ಪತ್ರಿಕೆಗಳನ್ನು ಎಲ್ಲರಿಗಿಂತ ಮೊದಲು ತಿದ್ದಿ ಕೊಟ್ಟಳು. ಕೆಂಪು ವೃತ್ತ ಆಕೆಯ ಬಳಿ ಮತ್ತೆ ಸುಳಿಯಲಿಲ್ಲ.

ಮಾಘದಲ್ಲಿ ನವಿ ಮುಂಬಯಿಯಿಂದ ತರಬೇತುದಾರರೊಬ್ಬರು ಬಂದರು. ವಿಷಯ, ಅಧ್ಯಾಪಕರ ನಿಷ್ಠೆ. ಎಲ್ಲರ ಕೈಗೂ ಒಂದೊಂದು ಬಲೂನು ಕೊಟ್ಟು, ನಿಮ್ಮ ನಿಷ್ಠೆ ಎಷ್ಟಿದೆಯೋ ಅಷ್ಟು ಊದಿ ಎಂದರು. ದೈಹಿಕ ಶಿಕ್ಷಕರು ಕೆನ್ನೆ ಕೆಂಪಾಗುವಂತೆ ಊದಿದರು; ಅದು ಸಿಡಿಯಿತು.

“ಅಯ್ಯೋ, ನನ್ನ ನಿಷ್ಠೆ ಠುಸ್ ಆಯ್ತಲ್ಲ ಮಾರಾಯ್ರೆ! ಇನ್ನೊಂದು ಉಂಟಾ ಸರ್?”

ಸಭೆ ನಕ್ಕಿತು, ಪ್ರಾಂಶುಪಾಲರನ್ನು ಒಮ್ಮೆ ನೋಡಿಕೊಂಡು. ಗಣಿತದ ಅಧ್ಯಾಪಕಿ ತನ್ನದನ್ನು ಒಪ್ಪವಾಗಿ, ಹೆಚ್ಚೂ ಅಲ್ಲದೆ ಕಡಿಮೆಯೂ ಅಲ್ಲದೆ ಊದಿ ಗಂಟು ಹಾಕಿ ಹಿಡಿದಿದ್ದಳು. ತರಬೇತುದಾರರು ಅದನ್ನು ಎತ್ತಿ ತೋರಿಸಿ ಮಾದರಿ ಎಂದರು. ಹೊರಗಿನಿಂದ ನೋಡುವವರಿಗೆ ಅಷ್ಟೇ ಕಾಣುವುದು. ಒಬ್ಬ ಅಧ್ಯಾಪಕಿ ಕೆಲಸ ಬಿಟ್ಟು ಹೋದರೆ ಶಾಲೆಗೆ ತಿಳಿಯುತ್ತದೆ. ಕೆಲಸದಲ್ಲಿದ್ದುಕೊಂಡೇ ಬಿಟ್ಟರೆ ಹಾಜರಿ ಪೂರ್ತಿಯಾಗಿಯೇ ಇರುತ್ತದೆ.

ವರ್ಷಾಂತ್ಯದ ಸಮಾರಂಭದಲ್ಲಿ ಅಧ್ಯಕ್ಷರು ಆಕೆಗೆ ಶಾಲು ಹೊದಿಸಿ ವರ್ಷದ ಅಧ್ಯಾಪಕಿ ಎಂದು ಸಾರಿದರು; ಖಾಯಂ ಮಾಡುವ ವಿಷಯವನ್ನೂ ಅಲ್ಲಿಯೇ ಹೇಳಿದರು. ತಂದೆ ಹಿಂದಿನ ಸಾಲಿನಲ್ಲಿ ಒಗೆದ ಧೋತರ ಉಟ್ಟು ಕುಳಿತು ಕಣ್ಣೊರೆಸಿಕೊಂಡರು. ಅವರು ಮೊದಲೇ ಮನೆಗೆ ಹೊರಟಿದ್ದರು. ಮರಳುವಾಗ ಠಾಣೆ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ನಾವಿಬ್ಬರೂ ಕಲ್ಯಾಣ ಲೋಕಲಿಗೆ ಕಾಯುತ್ತಿದ್ದಾಗ ನಾನು ಕೇಳಿದೆ.

“ಈಗಲಾದರೂ ಮನಸ್ಸು ಹಗುರವಾಯಿತೇ ತಾಯಿ? ಮಕ್ಕಳನ್ನು ಮತ್ತೆ ಕೂರಿಸಿಕೊಳ್ಳಬಹುದಲ್ಲ. ಇನ್ನು ಯಾರೂ ನಿನ್ನನ್ನು ತೆಗೆಯಲಾರರು.”

“ಈಗ ಅವರಿಗಿ ನನ್ನ ತಪ್ಪು ಸಿಗಂಗಿಲ್ರಿ ಸರ್,” ಎಂದಳು. “ಕಲಸೂದು ಬಿಟ್ರ ತಪ್ಪು ಎಲ್ಲಿಂದ ಬರ್ತದ?” ಸಿಟ್ಟಿನಿಂದ ಹೇಳಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಗಾಡಿ ಬಂತು, ಆಕೆ ಮಹಿಳೆಯರ ಡಬ್ಬಿಯ ಕಡೆಗೆ ನಡೆದಳು.

ಹೊಸ ವರ್ಷದ ತರಗತಿಗಳು ತೊಡಗಿದ ಮೇಲೆ ಕಳ್ವಾ ಕಡೆಯ ಒಬ್ಬ ತಾಯಿ ಗೇಟಿನ ಬಳಿ ನನ್ನನ್ನು ತಡೆದಳು. ಕಟ್ಟಡದ ಕೆಲಸದಿಂದ ನೇರ ಬಂದಿದ್ದಳು.

“ಯಪ್ಪಾ, ನೀವೇ ದೊಡ್ಡ ಮಾಸ್ತರ ಅಂತಲ್ರಿ? ನನ್ನ ದೊಡ್ಡಾಕಿಗಿ ಆ ಲೆಕ್ಕದ ಬಾಯಾರು ಸಂಜಿಕಿ ಹೇಳ್ಕೊಡ್ತಿದ್ರು. ಈಗ ಸಣ್ಣಾಕಿ ಹತ್ತನೇ ಬಂದಾಳ. ಯಾರ ಕಡಿ ಕಳಸ್ಲಿ ನಾ?”

ನಾನು ಬರುವ ದಿನಗಳಲ್ಲಿ ನಾನೇ ಕೂರಿಸಿಕೊಳ್ಳುವೆನೆಂದೆ. ಬೀಜಗಣಿತ ಬಿಟ್ಟು ನನಗೆ ಆಯುಷ್ಯವೇ ಕಳೆದಿದೆ. ಪುಸ್ತಕವನ್ನು ಮನೆಗೆ ತಂದು, ಪ್ರಾತಃಸಂಧ್ಯೆ ಮುಗಿಸಿ ಓದಿಕೊಂಡು ಹೋಗುತ್ತಿದ್ದೆ. ಆ ಹುಡುಗಿ ಇನ್ನಿಬ್ಬರು ಗೆಳತಿಯರನ್ನು ಕರೆತಂದಳು. ಒಂದು ಸಂಜೆ ಸಮೀಕರಣವೊಂದನ್ನು ಹಲಗೆಯ ಮೇಲೆ ಬಿಡಿಸುತ್ತಿದ್ದಾಗ ಗಣಿತದ ಅಧ್ಯಾಪಕಿ ಬಾಗಿಲ ಮುಂದೆ ಹಾದುಹೋಗುವವಳು ನಿಂತಳು. ನಾನು ಬರೆದುದನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು.

“ಟೀಚರ್, ಯೇ ಬರಾಬರ್ ಹೈ ಕ್ಯಾ?” ಸರಿಯಿದೆಯೇ ಎಂದು ಹುಡುಗಿ ಕೇಳಿದಳು.

ಆಕೆಯ ತುಟಿ ಸ್ವಲ್ಪ ಅಲುಗಿತು. “ಸರ್ ಬರ್ದಾರಲ್ಲ, ಬರ್ಕೋ,” ಎಂದಳು. ನನ್ನ ಕಡೆ ತಿರುಗಿ, “ಬರ್ತೀನ್ರಿ ಸರ್, ಗಾಡಿ ತಪ್ತದ,” ಎಂದು ಹೊರಟುಹೋದಳು.

ಹುಡುಗಿಯರು ಬರೆದುಕೊಂಡರು. ಕೊನೆಯಲ್ಲಿ ಪುಸ್ತಕದ ಹಿಂಬದಿಯ ಉತ್ತರದೊಂದಿಗೆ ತಾಳೆ ನೋಡಿದರೆ ನಮ್ಮದು ಕೂಡಲಿಲ್ಲ. ನಾನು ಮತ್ತೆ ಮೊದಲಿನಿಂದ ಒಂದೊಂದೇ ಸಾಲನ್ನು ಓದುತ್ತ ಬಂದೆ. ಒಂದು ಪದವನ್ನು ಆಚೆಯಿಂದ ಈಚೆಗೆ ತಂದಾಗ ಅದರ ಚಿಹ್ನೆಯನ್ನು ಬದಲಿಸಲು ನಾನು ಮರೆತಿದ್ದೆ. ಅದು ಎರಡನೆಯ ಸಾಲಿನಲ್ಲಿಯೇ ಇತ್ತು, ಬಾಗಿಲಲ್ಲಿ ನಿಂತವರ ಕಣ್ಣಿಗೆ ನೇರ ಬೀಳುವಲ್ಲಿ.